ಸ್ಟೀಮ್ ಐರನ್ ಬಾಕ್ಸ್ ಬಳಸ್ತೀರಾ? ಕರೆಂಟ್ ಹೋದ್ರೆ ಮೊದಲು ಪ್ಲಗ್ ತೆಗೀರಿ

ಬೆಳಗ್ಗೆ ಯೂನಿಫಾರ್ಮ್ ಇಸ್ತ್ರಿ ಮಾಡ್ತಾ ಇರುವಾಗಲೇ ಕರೆಂಟ್ ಹೋಗುತ್ತೆ. ಐರನ್ ಬಾಕ್ಸನ್ನು ಬಟ್ಟೆ ಮೇಲೆಯೇ ಬಿಟ್ಟು, ಸ್ವಿಚ್ ಆಫ್ ಮಾಡೋದು ಮರೆತು ಎಲ್ಲರೂ ಹೊರಟುಬಿಡ್ತಾರೆ. ಬೀಗ ಹಾಕಿದ ಮನೆಗೆ ಕರೆಂಟ್ ವಾಪಸ್ ಬಂದರೆ ಐರನ್ ಮತ್ತೆ ಕಾಯಲು ಶುರು. ಬಟ್ಟೆ ಕರಕಲಾಗಿ ಬೆಂಕಿ ಹತ್ತಲು ಇಷ್ಟೇ ಸಾಕು. ಹಾಗಾಗಿ ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯುವುದು ಮೊದಲ ನಿಯಮ.

ಸಾಕೆಟ್ ಯಾವುದು?
230 ವೋಲ್ಟ್‌ನಲ್ಲಿ 1200 ವ್ಯಾಟ್ ಐರನ್ ಸುಮಾರು 5.2 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಸಣ್ಣ ಸಾಕೆಟ್‌ಗೆ ಇದು ಹೆಚ್ಚುಕಮ್ಮಿ ಮಿತಿ. 1600 ವ್ಯಾಟ್ ಆದರೆ ಸುಮಾರು 7 ಆಂಪಿಯರ್, 16 ಆಂಪಿಯರ್ ಪವರ್ ಸಾಕೆಟ್ಟೇ ಬೇಕು. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಬೇಡ. ಪ್ಲಗ್‌ನ ದಪ್ಪ ಪಿನ್ ಅರ್ಥಿಂಗ್‌ಗೆ ಇರೋದು, ಅದನ್ನು ಮುರಿದು ಟೂ ಪಿನ್‌ಗೆ ಹಾಕಬೇಡಿ. ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ.

ನೀರು ಹಾಕುವಾಗ
* ಪ್ಲಗ್ ತೆಗೆದೇ ನೀರು ತುಂಬಿಸಿ. ಮ್ಯಾಕ್ಸ್ ಗೆರೆ ದಾಟಬಾರದು.
* ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ. ಬಿಳಿ ಪದರ ಕಟ್ಟಿ ರಂಧ್ರ ಮುಚ್ಚಿಕೊಳ್ಳುತ್ತವೆ. ಯಾವ ನೀರು ಹಾಕಬೇಕು ಅಂತ ಐರನ್ ಜೊತೆ ಬಂದ ಪುಸ್ತಕದಲ್ಲಿ ನೋಡಿ.
* ಗಂಜಿ, ಸೆಂಟ್ ಟ್ಯಾಂಕಿಗೆ ಸುರಿಯಬೇಡಿ.
* ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು ಉಳಿದ ನೀರು ಚೆಲ್ಲಿ.

ಚುಕ್ಕೆ ಲೆಕ್ಕ
ಡಯಲ್ ಮೇಲಿನ ಒಂದು ಚುಕ್ಕೆ ಅಂದ್ರೆ ಸುಮಾರು 110 ಡಿಗ್ರಿ ಸೆಲ್ಸಿಯಸ್ (ನೈಲಾನ್‌ನಂಥ ಸಿಂಥೆಟಿಕ್), ಎರಡು ಅಂದ್ರೆ 150 (ಉಣ್ಣೆ, ರೇಷ್ಮೆ), ಮೂರು ಅಂದ್ರೆ 200 (ಹತ್ತಿ, ಲಿನನ್). ಸಾಮಾನ್ಯವಾಗಿ ಎರಡು ಚುಕ್ಕೆಗಿಂತ ಕಮ್ಮಿ ಇಟ್ಟು ಸ್ಟೀಮ್ ಒತ್ತಿದರೆ ಬಿಸಿ ಸಾಲದೆ ನೀರೇ ತೊಟ್ಟಿಕ್ಕುತ್ತೆ, ರೇಷ್ಮೆ ಸೀರೆ ಮೇಲೆ ಕಲೆ ಬೀಳಬಹುದು.

ಇವನ್ನು ಮಾಡಲೇಬೇಡಿ
* ಮೈಮೇಲೆ ಹಾಕಿಕೊಂಡ ಬಟ್ಟೆಗೆ ಸ್ಟೀಮ್ ಬಿಡಬೇಡಿ. ಹಬೆಯ ಸುಟ್ಟಗಾಯ ಕುದಿಯುವ ನೀರಿಗಿಂತ ಜೋರು.
* ಹಾಸಿಗೆ ಮೇಲೆ ಇಸ್ತ್ರಿ ಬೇಡ. ಐರನ್ ವಾಲುತ್ತೆ, ಹಾಸಿಗೆಗೂ ಬೆಂಕಿ ತಗಲಬಹುದು.
* ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ವೈರ್ ಹಿಡಿದು ಎಳೆಯಬೇಡಿ.
* ಬಿಸಿ ಐರನ್‌ಗೆ ವೈರ್ ಸುತ್ತಬೇಡಿ. ತಣ್ಣಗಾಗುವವರೆಗೆ ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ವೈರ್ ಸಿಗದಂತೆ ಇಡಿ.

ಸುಟ್ಟರೆ, ಶಾಕ್ ಹೊಡೆದರೆ
ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಐಸ್, ಅರಿಶಿನ ಬೇಡ. ಬೊಬ್ಬೆ ಒಡೆಯಬೇಡಿ. ಮುಖ, ಕೈ ಸುಟ್ಟಿದ್ದರೆ ಅಥವಾ ಮಗುವಿಗೆ ಆಗಿದ್ದರೆ ಆಸ್ಪತ್ರೆಗೆ ಹೋಗಿ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108.

ಮುಟ್ಟಿದರೆ ಜುಮ್ ಅನ್ನುವ, ವೈರ್ ಬಿರುಕು ಬಿಟ್ಟ ಐರನ್ ಅನ್ನು ಟೇಪ್ ಸುತ್ತಿ ಓಡಿಸಬೇಡಿ. ರಿಪೇರಿ ಆಗೋವರೆಗೂ ಪಕ್ಕಕ್ಕಿಡಿ.