ಕೈವಾರದಿಂದ ಕಂಬಾಲಪಲ್ಲಿಗೆ: ಜಾತಿ, ಜನಾಂಗಭೇದ ಮತ್ತು ಧರ್ಮಸಭೆಯ ನೆನಪು

ಕೈವಾರವೆಂದೊಡನೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ನೆನಪಾಗುವವರು ಯೋಗಿ ನಾರೇಯಣರು. ಬಳೆ ಮಾರುವ ಬಲಿಜ ಮನೆತನದಲ್ಲಿ ಹುಟ್ಟಿ, ತೆಲುಗು ಕನ್ನಡಗಳೆರಡರಲ್ಲೂ ತತ್ತ್ವಪದಗಳನ್ನು ಹಾಡಿ, ಕುಲದ ಹಮ್ಮನ್ನು ಹಳಿದ ತಾತಯ್ಯನವರ ಊರದು. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರವೂ ಇದೇ ಎನ್ನುತ್ತದೆ ಸ್ಥಳಪುರಾಣ. ಕಳೆದ ವರ್ಷ ದೈವಶಾಸ್ತ್ರದ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಭೀಮೇಶ್ವರ ದೇಗುಲದ ಅಂಗಳದಲ್ಲಿ ಒಬ್ಬ ಕೇಳಿದ: "ಫಾದರ್, ಕಂಬಾಲಪಲ್ಲಿ ಇಲ್ಲಿಂದ ಎಷ್ಟು ದೂರ?" ಅದೂ ಚಿಂತಾಮಣಿ ತಾಲ್ಲೂಕಿನದೇ ಹಳ್ಳಿ. ಜೊತೆಗಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ಆ ಹೆಸರನ್ನೇ ಕೇಳಿರಲಿಲ್ಲ. ಜಾರ್ಜ್ ಫ್ಲಾಯ್ಡ್ ಎಂಬ ಹೆಸರು ಮಾತ್ರ ಎಲ್ಲರಿಗೂ ಗೊತ್ತಿತ್ತು. ಈ ಲೇಖನವು ಆ ದಿನದ ಮುಜುಗರದಿಂದ ಹುಟ್ಟಿದ್ದು. ಮುಜುಗರ ವಿದ್ಯಾರ್ಥಿಗಳದ್ದಲ್ಲ, ಅವರಿಗೆ ಧರ್ಮಸಭೆಯ ಇತಿಹಾಸವನ್ನು ಕಲಿಸುವ ನಮ್ಮದು.

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಆರೋಪ ಹೊತ್ತವರು ಮೇಲ್ಜಾತಿಯವರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಮ್ಮ ಮೊದಲಿನ ಹೇಳಿಕೆಯಿಂದ ಹಿಂಜರಿದರು. 2006ರಲ್ಲಿ ಸೆಷನ್ಸ್ ನ್ಯಾಯಾಲಯವು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಸಾವುಗಳು ದಾಖಲೆಯಲ್ಲಿವೆ, ಕೊಂದವರು ಇಲ್ಲ.

ಇದನ್ನು ಅಮೆರಿಕದ ಮಿಸಿಸಿಪ್ಪಿಯ ಒಂದು ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕು. 1955ರಲ್ಲಿ ಹದಿನಾಲ್ಕರ ಹರೆಯದ ಎಮೆಟ್ ಟಿಲ್ ಎಂಬ ಕಪ್ಪು ಬಾಲಕನನ್ನು ಕೊಂದ ಇಬ್ಬರನ್ನು ಬಿಳಿಯರಷ್ಟೇ ಇದ್ದ ಜ್ಯೂರಿ ನಿರ್ದೋಷಿಗಳೆಂದಿತು. ಮರುವರ್ಷ ಅವರು ಹಣ ಪಡೆದು ಪತ್ರಿಕೆಯೊಂದಕ್ಕೆ ತಾವೇ ಕೊಂದೆವೆಂದು ಒಪ್ಪಿಕೊಂಡರು. ಅಲ್ಲಿ ಕುಗ್ಗಿದ್ದು ತೀರ್ಪು ಕೊಡುವವರ ಮನಸ್ಸಾಕ್ಷಿ. ಇಲ್ಲಿ ಕುಗ್ಗಿದ್ದು ಸಾಕ್ಷಿಯ ಕಟಕಟೆ. ಸಾಕ್ಷಿ ನುಡಿಯಬೇಕಾದವನು ಬೆಳಗಾದರೆ ಅದೇ ಊರಿನಲ್ಲಿ ಬಾಳಬೇಕಲ್ಲವೆ? ನೀರು, ದಾರಿ, ಕೂಲಿ ಎಲ್ಲಕ್ಕೂ ಭೂಮಿಯುಳ್ಳವರ ಮುಖವನ್ನೇ ನೋಡಬೇಕಾದ ಹಳ್ಳಿಗಳಲ್ಲಿ ಅಂಥವನ ನಾಲಗೆಯನ್ನು ಹಿಡಿದಿಡಲು ಬೇರೆ ಬೆದರಿಕೆ ಬೇಕಾಗುವುದಿಲ್ಲ.

ಜಾತಿ ಬೇರೆ, ಜನಾಂಗ ಬೇರೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಸರಿಯೆ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತುವವರುಂಟು. ಪ್ರಶ್ನೆ ಹಳೆಯದು. 1936ರಲ್ಲಿ ಲಾಯ್ಡ್ ವಾರ್ನರ್ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು-ಬಿಳಿ ವ್ಯವಸ್ಥೆಯನ್ನು ಜಾತಿಯೆಂದೇ ಕರೆದರು: ಅಂತರವಿವಾಹಕ್ಕೆ ತಡೆ, ಮೇಲೇರಲು ತಡೆ, ಹುಟ್ಟಿನಿಂದಲೇ ನಿಶ್ಚಿತವಾದ ಸ್ಥಾನ. ಕಪ್ಪು ಸಮಾಜಶಾಸ್ತ್ರಜ್ಞ ಆಲಿವರ್ ಕಾಕ್ಸ್ 1948ರಲ್ಲಿ ಇದನ್ನು ಕಟುವಾಗಿ ವಿರೋಧಿಸಿದರು. ಜನಾಂಗಭೇದವು ಬಂಡವಾಳಶಾಹಿಯ ದುಡಿಮೆ ಸುಲಿಯುವ ತಂತ್ರದಿಂದ ಹುಟ್ಟಿದ್ದು. ಭಾರತದ ಜಾತಿಯಾದರೋ ಕೆಳಗಿರುವವರೂ ಒಪ್ಪಿಕೊಂಡ ಶಾಂತ ವ್ಯವಸ್ಥೆ ಎಂಬುದು ಅವರ ವಾದ. ಮೊದಲರ್ಧದಲ್ಲಿ ಹುರುಳಿದೆ. ಎರಡನೆಯ ಅರ್ಧವನ್ನು ನಾವು ಒಪ್ಪಲಾರೆವು. ಒಪ್ಪಿಕೊಂಡಿದ್ದರೆ ತಾತಯ್ಯನವರು ಹಾಡುವ ಅಗತ್ಯವೇನಿತ್ತು? ಜ್ಯೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ'ಯನ್ನು ಬರೆದು, ಅದನ್ನು ಕರಿಯರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೇ ಅರ್ಪಿಸಿದ್ದೇಕೆ? 1946ರಲ್ಲಿ ಅಂಬೇಡ್ಕರರು ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ನೀಗ್ರೋಗಳ ಸ್ಥಿತಿಯ ಹೋಲಿಕೆಯನ್ನು ಹೇಳಿ, ವಿಶ್ವಸಂಸ್ಥೆಗೆ ಸಲ್ಲಿಸುತ್ತಿದ್ದ ಮನವಿಯ ಪ್ರತಿ ಕೇಳಿದ್ದೇಕೆ? ಹೋಲಿಕೆ ಪಂಡಿತರ ಆಟವಾಗುವ ಮುನ್ನ ನೊಂದವರ ಬಳಕೆಯಲ್ಲಿತ್ತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಸುಖವಾಗಿತ್ತು. ಆದರೆ ನಮ್ಮ ಮನೆಯ ಕಥೆ ಬಾಕಿಯಿದೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೇಸುಸಭೆಯ ಗುರುಗಳು ತಮ್ಮ ಕರ್ನಾಟಿಕ್ ಮಿಶನ್ನನ್ನು ಈ ಸೀಮೆಗೆ ತಂದರು. ಚಿಕ್ಕಬಳ್ಳಾಪುರವೂ ಅವರ ಠಾಣೆಗಳಲ್ಲೊಂದು. ಮಧುರೆಯಲ್ಲಿ ರಾಬರ್ಟ್ ನೊಬಿಲಿ ತೋರಿದ ಹಾದಿಯಂತೆ ಇವರೂ ಕಾವಿಯುಟ್ಟು, ಮಾಂಸ ತೊರೆದು, ಬ್ರಾಹ್ಮಣ ಸಂನ್ಯಾಸಿಗಳಂತೆ ಬಾಳಿದರು. ಅವರ ತ್ಯಾಗವನ್ನು ನಾವು ಲಘುವಾಗಿ ಕಾಣುವವರಲ್ಲ. ಆದರೆ ಆ ವೇಷಕ್ಕೆ ಬೆಲೆ ತೆತ್ತವರು ಬೇರೆ ಜನ. ಮಲಬಾರ್ ವಿಧಿಗಳ ವಿವಾದ 1704ರಲ್ಲಿ ಪಾಂಡಿಚೇರಿಯಲ್ಲಿ ತೂರ್ನೋ ಅವರ ಆಜ್ಞೆಯಿಂದ ಭುಗಿಲೆದ್ದಿತು. ರೋಗಿ ಪರಯನ ಗುಡಿಸಿಲಿಗೆ ಗುರು ಹೋಗಿ ಸಂಸ್ಕಾರ ನೀಡಬೇಕೆ ಎಂಬುದು ಅದರ ಅತಿ ಕಠಿಣ ಗಂಟು. 1744ರಲ್ಲಿ ವಿಶ್ವಗುರು ಹದಿನಾಲ್ಕನೆಯ ಬೆನೆಡಿಕ್ಟರು ವಿವಾದಕ್ಕೆ ತೆರೆಯೆಳೆದಾಗ, ಪರಯರಿಗಾಗಿಯೇ ಪ್ರತ್ಯೇಕ ಗುರುಗಳನ್ನು ನೇಮಿಸುವ ಯೇಸುಸಭೆಯವರ ಸಲಹೆಗೆ ಒಪ್ಪಿಗೆ ದೊರೆಯಿತು. ಒಂದೇ ಜ್ಞಾನಸ್ನಾನ, ಎರಡು ಬಗೆಯ ಗುರುಗಳು! ಗಲಾತ್ಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ಅವರು ಓದಿರಲಿಲ್ಲವೆಂದಲ್ಲ. ಓದಿಯೂ, ಆತ್ಮಗಳ ರಕ್ಷಣೆಗಾಗಿ ಇಷ್ಟನ್ನು ಸಹಿಸಬಹುದು ಎಂದು ಲೆಕ್ಕ ಹಾಕಿದರು.

ಅಂಥದೇ ಲೆಕ್ಕ 1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ನಡೆಯಿತು. ಜಾರ್ಜ್‌ಟೌನ್ ವಿದ್ಯಾಸಂಸ್ಥೆ ಸಾಲದಲ್ಲಿತ್ತು. ಪ್ರಾಂತ್ಯಾಧಿಕಾರಿ ಥಾಮಸ್ ಮಲೆಡಿ ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು ಲೂಸಿಯಾನದವರಿಗೆ 1,15,000 ಡಾಲರಿಗೆ ಮಾರಿದರು. ರೋಮಿನ ಮಹಾಧಿಪತಿಗಳು ಷರತ್ತು ವಿಧಿಸಿದ್ದರು: ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅಡ್ಡಿಯಾಗಬಾರದು, ಹಣದಿಂದ ಸಾಲ ತೀರಿಸಬಾರದು. ಷರತ್ತುಗಳು ಮುರಿದುಬಿದ್ದವು. ಮಾರುವುದನ್ನು ಒಪ್ಪಿ ಮಾರುವ ಕ್ರಮವನ್ನು ತಿದ್ದುವ ಈ ಬಗೆಯ ಕರುಣೆಯನ್ನು ಗುರುವಿದ್ಯಾರ್ಥಿಗಳು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಸಭೆಗಳ ಟಿಪ್ಪಣಿಗಳಲ್ಲಿ ಅದು ಈಗಲೂ ಕಾಣಿಸಿಕೊಳ್ಳುತ್ತದೆ. ಮಾರಾಟದ ಪಟ್ಟಿ ಉಳಿದುಬಂತು. ಅದರ ಮೊದಲ ಹೆಸರು ಐಸಾಕ್. 2017ರಲ್ಲಿ ಯೇಸುಸಭೆಯವರು ಆ ವಂಶಜರ ಮುಂದೆ ನಿಂತು ಕ್ಷಮೆ ಕೇಳಿದರು. ಮಲೆಡಿಯ ಹೆಸರು ಹೊತ್ತಿದ್ದ ಕಟ್ಟಡಕ್ಕೆ ಐಸಾಕ್ ಹಾಕಿನ್ಸ್‌ನ ಹೆಸರಿಟ್ಟರು.

ಗುರುಪಟ್ಟದ ಕಥೆಯೂ ಇದಕ್ಕೆ ದೂರವಲ್ಲ. ಗುಲಾಮನಾಗಿ ಹುಟ್ಟಿದ ಅಗಸ್ಟಸ್ ಟೋಲ್ಟನ್ ಅವರನ್ನು ಅಮೆರಿಕದ ಯಾವ ಗುರುಮಠವೂ ಸೇರಿಸಿಕೊಳ್ಳಲಿಲ್ಲ. 1886ರಲ್ಲಿ ಅವರು ರೋಮಿನಲ್ಲಿ ಅಭಿಷಿಕ್ತರಾದರು. ಆ ದೇಶದ ಮೊದಲ ಆಫ್ರಿಕನ್ ಅಮೆರಿಕನ್ ಕಾರ್ಡಿನಲ್ ವಿಲ್ಟನ್ ಗ್ರೆಗರಿ ಅವರಿಗೆ ಆ ಪದವಿ ಬಂದದ್ದು 2020ರಲ್ಲಿ. ನಮ್ಮ ದೇಶದ ಮೊದಲ ದಲಿತ ಕಾರ್ಡಿನಲ್, ಕರ್ನೂಲಿನ ಬಿಷಪರಾಗಿದ್ದ ಆಂತೋನಿ ಪೂಲಾ ಅವರಿಗೆ 2022ರಲ್ಲಿ.

1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಸೀಮಿತಗೊಳಿಸಿತು; 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ದಲಿತ ಕ್ರೈಸ್ತರು ಹೊರಗುಳಿದಿದ್ದಾರೆ. ಇದರ ವಿರುದ್ಧ ನಾವು ಸರಕಾರದ ಮುಂದೆ, ಜ್ಞಾನಸ್ನಾನದಿಂದ ಜಾತಿ ಅಳಿಯುವುದಿಲ್ಲ ಎಂದು ವಾದಿಸುತ್ತೇವೆ. ಅದೇ ಭಾನುವಾರ ಬಲಿಪೀಠದಿಂದ, ಅಳಿದಿದೆ ಎಂದು ಬೋಧಿಸುತ್ತೇವೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿಯು ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿತು. ಕೈವಾರದಿಂದ ಮರಳಿದ ವಾರ ಆ ದಾಖಲೆಯನ್ನು ತರಗತಿಯಲ್ಲಿ ಓದಿಸಿದೆವು. ಕಂಬಾಲಪಲ್ಲಿಯ ದೂರ ಕೇಳಿದ್ದ ವಿದ್ಯಾರ್ಥಿ ಓದು ಮುಗಿದ ಮೇಲೆ, ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಯಾವ ಭಾನುವಾರ ಓದಿದರೆಂದು ಕೇಳಿದ. ನಾವು ಸೇವೆ ಸಲ್ಲಿಸಿದ ಮೂರು ಧರ್ಮಕೇಂದ್ರಗಳಲ್ಲಿ ಓದಿರಲಿಲ್ಲ.