ಮದ್ದಿನ ವೇಗವೂ ಮಿತಿಯೂ

ಹಾಸನ ಸೀಮೆಯ ಕೋಟೆಗಳನ್ನು ನೋಡುವವರು ಗೋಡೆಗಳನ್ನು ಹೊಗಳುವರು. ಆ ಗೋಡೆಗಳ ಆಕಾರವನ್ನು ನಿರ್ಣಯಿಸಿದ ಮದ್ದನ್ನು ನೆನೆಯುವವರು ವಿರಳ. ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕವನ್ನು ಕೂಡಿಸಿದವನು ಹೈದರಾಲಿ. ಅವನ ಮಗನಾದ ಟಿಪ್ಪುವು ಸಕಲೇಶಪುರದ ಬಳಿ ೧೭೯೨ರ ವೇಳೆಗೆ ಮುಗಿಸಿದ ಮಂಜರಾಬಾದ್ ದುರ್ಗವು ಫಿರಂಗಿಯ ಯುದ್ಧಕ್ಕೆ ತಕ್ಕಂತೆ ಎಂಟು ಮೂಲೆಗಳ ನಕ್ಷತ್ರಾಕಾರವನ್ನು ತಾಳಿದೆ. ನಡುವಣ ಕೊಳದ ಬಳಿಯಲ್ಲಿ ನೆಲಮಾಳಿಗೆಯಂತಹ ಮದ್ದಿನ ಕೋಣೆಗಳು ಇಂದಿಗೂ ಉಂಟು.

ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳ ಮಿಶ್ರಣವೇ ಕರಿಮದ್ದು. ಮಲೆನಾಡಿನ ತೇವ ತಗಲಿದರೆ ಅದರ ಶಕ್ತಿ ಕುಂದುವುದು. ಕಾಳು ಸಣ್ಣದಾದಷ್ಟೂ ಅದು ಬೇಗ ಉರಿಯುವುದು. ಆದುದರಿಂದಲೇ ರಂಜಕಕ್ಕೆ ನುಣ್ಣನೆಯ ಮದ್ದು, ಫಿರಂಗಿಗೆ ದಪ್ಪ ಕಾಳು. ದಪ್ಪ ಕಾಳಿನ ಬದಲು ನುಣ್ಣನೆಯದನ್ನೇ ಅಷ್ಟು ತೂಕ ತುಂಬಿದರೆ ನಳಿಗೆಯೇ ಸಿಡಿದೀತು.

೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಎಂಬವನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೂ ಈ ನ್ಯಾಯ ಬದಲಾಗಲಿಲ್ಲ. ಗುಂಡಿನ ವೇಗವನ್ನು ತಗ್ಗಿಸಬೇಕಾದಾಗ ಬೇಗ ಉರಿಯುವ ಮದ್ದನ್ನೇ ಅಲ್ಪವಾಗಿ ಬಳಸುವರು. ನಿಧಾನವಾಗಿ ಉರಿಯುವ ಮದ್ದು ತೀರ ಕಡಮೆಯಾದರೆ ಸಮನಾಗಿ ಉರಿಯದು. ಆದರೆ ದೊಡ್ಡ ತೋಟೆಯ ತಳದಲ್ಲಿ ಆ ಅಲ್ಪ ಮದ್ದು ಕಣ್ಣಿಗೆ ಬೀಳುವುದೇ ಕಷ್ಟ. ಮರೆತು ಎರಡನೆಯ ಬಾರಿ ಹಾಕಿದರೂ ತೋಟೆ ತುಂಬಿ ಎಚ್ಚರಿಸುವುದಿಲ್ಲ. ಕೋವಿಯೊಡೆದು ಹಿಡಿದವನ ಕೈಯೇ ಹೋದೀತು.

ಇದು ಹಳೆಯ ಕಥೆಯೆಂದು ಕಡೆಗಣಿಸುವಂತಿಲ್ಲ. ಅರಕಲಗೂಡಿನ ಎಲ್ಲೆಯಾಚೆ ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಮುಡಿಸಿ ಇಂದಿಗೂ ಪೂಜಿಸುವರು. ಕೋವಿಯನ್ನು ಪೂಜಿಸುವ ಕೈ ಮದ್ದಿನ ಅಳತೆಯನ್ನೂ ಅರಿತಿರಬೇಕು. ಮಂಜರಾಬಾದಿನ ತಂಪು ಕೋಣೆಗಳನ್ನು ಕಟ್ಟಿಸಿದವರಿಗೆ ಈ ಮಾತು ತಿಳಿದಿತ್ತು.