ಪ್ಲೇಗು ಕಟ್ಟಿಸಿದ ಬಡಾವಣೆಗಳು, ಫಲಕಕ್ಕೇರಿದ ಹೆಸರುಗಳು

ಹಳೆಯ ಬೆಂಗಳೂರಿನ ಪೇಟೆಗಳ ಹೆಸರನ್ನು ಸಾಲಾಗಿ ಹೇಳುತ್ತ ಹೋದರೆ ಸಂತೆಯ ಲೆಕ್ಕ ಓದಿದಂತಾಗುತ್ತದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ, ದೊಡ್ಡಪೇಟೆ ಚಿಕ್ಕಪೇಟೆಗಳ ರಾಜಬೀದಿ ಎಳೆದು, ಕಸುಬಿಗೊಂದು ಕೇರಿಯನ್ನು ಗೊತ್ತುಮಾಡಿದ ಕೆಂಪೇಗೌಡರ ಹೆಸರು ಕೂಡ ಈ ಸಾಲಿನಲ್ಲಿಲ್ಲ. ಊರನ್ನು ರೂಪಿಸಿದವರಿಗೆ ಅವರ ಹೆಸರಿನ ಬೀದಿ, ವೃತ್ತ, ಬಡಾವಣೆಗಳ ಮೂಲಕ ಗೌರವ ಸಲ್ಲಿಸುವ ರೂಢಿ ಇಲ್ಲಿ ಗಟ್ಟಿಯಾಗಿ ಬೇರುಬಿಟ್ಟದ್ದು ಬಹಳ ತಡವಾಗಿ, ಒಂದು ಮಹಾಮಾರಿಯ ಬೆನ್ನಲ್ಲೇ.

1898ರ ಆಗಸ್ಟಿನಲ್ಲಿ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿದ್ದವು. ಗಾಳಿ, ಬೆಳಕು ಕಡಿಮೆ. ದವಸದ ಮೂಟೆಗಳ ನಡುವೆ ಇಲಿಗಳಿಗೆ ಬೇಕಾದಷ್ಟು ಜಾಗ. ಜನ ಮನೆಗೆ ಬೀಗ ಜಡಿದು ಊರಾಚೆಯ ಶೆಡ್ಡುಗಳಿಗೆ ಹೋದರು, ಎಷ್ಟೋ ಮಂದಿ ಹಿಂದಿರುಗಲಿಲ್ಲ. ಮೈಸೂರು ಸಂಸ್ಥಾನದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಪ್ಲೇಗ್ ಕಮಿಷನರ್ ಆಗಿ ನೇಮಿಸಿದ್ದು ವಿ.ಪಿ. ಮಾಧವರಾಯರನ್ನು. ರೋಗಿಗಳನ್ನು ಬೇರ್ಪಡಿಸುವುದು, ಮನೆಗಳನ್ನು ತೊಳೆಸುವುದು, ಹೆದರಿದ ಜನರನ್ನು ಸಮಾಧಾನಪಡಿಸುವುದು ಎಲ್ಲವೂ ಅವರ ಹೆಗಲಿಗೆ ಬಿತ್ತು. ನಗರದ ಮೊದಲ ಟೆಲಿಫೋನ್ ತಂತಿಗಳು ಬಂದದ್ದೂ ಈ ಪ್ಲೇಗಿನ ಕೆಲಸಕ್ಕಾಗಿಯೇ.

ಔಷಧಿಯಿಂದ ಮಾತ್ರ ಈ ಪಿಡುಗು ಹೋಗುವುದಿಲ್ಲ, ಊರಿನ ಅಳತೆಯನ್ನೇ ಬದಲಿಸಬೇಕು ಎಂಬುದು ಅಧಿಕಾರಿಗಳಿಗೆ ಮನದಟ್ಟಾಯಿತು. ಪೇಟೆಯ ಹೊರಗೆ 1892ರಲ್ಲೇ ಚಾಮರಾಜಪೇಟೆ ಎದ್ದಿತ್ತು. ಪ್ಲೇಗಿನ ನಂತರ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಭರದಿಂದ ಬೆಳೆದವು. ನೇರ ರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಉದ್ಯಾನಕ್ಕೆಂದು ಬಿಟ್ಟ ಚೌಕಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು: ಇವಿಷ್ಟೂ ಆರೋಗ್ಯದ ಲೆಕ್ಕಾಚಾರದಿಂದ ಹುಟ್ಟಿದ ವಿನ್ಯಾಸ. ಎರಡೂ ಬಡಾವಣೆಗಳಿಗೆ ದೇವಸ್ಥಾನಗಳಿಂದ ಹೆಸರು ಬಂತು, ಕಾಡುಮಲ್ಲೇಶ್ವರ ಒಂದಕ್ಕೆ, ದೊಡ್ಡ ಬಸವಣ್ಣ ಇನ್ನೊಂದಕ್ಕೆ. ಮಲ್ಲೇಶ್ವರದ ರಸ್ತೆಗಳು ಮರಗಳ ಹೆಸರನ್ನೂ ಪಡೆದವು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಇಂದಿಗೂ ಹಾಗೆಯೇ ಇವೆ.

ಮಾಧವರಾಯರು ಮುಂದೆ ತಿರುವಾಂಕೂರು, ಮೈಸೂರು, ಬರೋಡ ಮೂರೂ ಸಂಸ್ಥಾನಗಳಲ್ಲಿ ದಿವಾನರಾದರು. 1906ರಿಂದ 1909ರವರೆಗೆ ಮೈಸೂರಿನಲ್ಲಿದ್ದ ಅವರ ಆಡಳಿತವನ್ನು ಇತಿಹಾಸದ ಪುಸ್ತಕಗಳು ಮುಖ್ಯವಾಗಿ ಪತ್ರಿಕಾ ಕಾನೂನಿನ ಗದ್ದಲದಿಂದಾಗಿ ನೆನೆಯುತ್ತವೆ. ಬಸವನಗುಡಿ ಅವರನ್ನು ಬೇರೆ ರೀತಿ ಉಳಿಸಿಕೊಂಡಿದೆ. ಅಲ್ಲಿ ಅವರ ಹೆಸರಿನ ವೃತ್ತವಿದೆ, ರಸ್ತೆಯಿದೆ. ಸಾವಿನ ದವಡೆಯಿಂದ ಜನರನ್ನು ಹೊರತಂದ ದಿನಗಳಿಗೆ ಸಲ್ಲಬೇಕಾದ ಮರ್ಯಾದೆ ಇದು, ಸರಿಯಾದ ನೆಲದಲ್ಲೇ ಸಂದಿದೆ.

ಆದರೆ ಈ ಹೊಸ ಬಡಾವಣೆಗಳ ವಿನ್ಯಾಸದ ಇನ್ನೊಂದು ಮುಖವನ್ನು ಮುಚ್ಚಿಡಲಾಗದು. ನಿವೇಶನಗಳನ್ನು ಹಂಚುವಾಗ ಜಾತಿ, ಮತಗಳ ಪ್ರಕಾರ ಬ್ಲಾಕುಗಳನ್ನು ವಿಂಗಡಿಸಲಾಗಿತ್ತು. ಪೇಟೆಯ ಕೇರಿಗಳಲ್ಲಿದ್ದ ಗೆರೆ ಹೊಸ ನಕ್ಷೆಯಲ್ಲೂ ಮೂಡಿತು. ಆ ಕನ್ಸರ್ವೆನ್ಸಿ ಗಲ್ಲಿಗಳು ಇದ್ದದ್ದಾದರೂ ಏಕೆ? ಒಳಚರಂಡಿ ಇಲ್ಲದ ಕಾಲದಲ್ಲಿ ಮಲವನ್ನು ತಲೆಯ ಮೇಲೆ ಹೊರುವವರು ಮುಂಬೀದಿಗೆ ಬಾರದೆ ಹಿತ್ತಿಲಿನಿಂದಲೇ ಬಂದು ಹೋಗಲೆಂದು. ಬಡಾವಣೆಯನ್ನು ದಿನದಿನವೂ ಬದುಕಲು ಯೋಗ್ಯವಾಗಿಸಿದವರು ಅವರು. ನಗರದ ಆರೋಗ್ಯ ನಿಂತದ್ದು ಅವರ ದುಡಿಮೆಯ ಮೇಲೆ. ವೃತ್ತಕ್ಕೆ ದಿವಾನರ ಹೆಸರು ಕೂತಿತು, ಗಲ್ಲಿಗೆ ಯಾರ ಹೆಸರೂ ಬರಲಿಲ್ಲ.

ಇದೇ ಹೊತ್ತಿಗೆ ಬ್ರಿಟಿಷರ ಕೈಯಲ್ಲಿದ್ದ ಕಂಟೋನ್ಮೆಂಟಿನಲ್ಲೂ ಪ್ಲೇಗಿಗೆ ಜಗ್ಗದ ಊರು ಕಟ್ಟುವ ಪ್ರಯತ್ನ ನಡೆಯಿತು. ಇಕ್ಕಟ್ಟಾದ ಬಜಾರುಗಳಿಂದ ಜನರನ್ನು ಹೊರತಂದು ನೆಲೆಗೊಳಿಸಲು ರೂಪಿಸಿದ ಆ ಬಡಾವಣೆಯೇ ಫ್ರೇಜರ್ ಟೌನ್. ಅದರ ನಕ್ಷೆಯ ಹಿಂದಿನ ತಲೆ ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅವರದು. ಇಲಿ ನುಸುಳದಂಥ ತಳಪಾಯ, ಎತ್ತರಿಸಿದ ಜಗಲಿ, ಮನೆಮನೆಯ ನಡುವೆ ಗಾಳಿಯಾಡಲು ಜಾಗ, ಹೀಗೆ ಇಟ್ಟಿಗೆ ಗಾರೆಯಲ್ಲಿ ಮಾಡಬಹುದಾದ ವೈದ್ಯವನ್ನು ಆತ ಮಾಡಿದ. 1914ರಲ್ಲಿ ಬೆಂಗಳೂರಿನ ಪ್ಲೇಗ್‌ನಿರೋಧಕ ನಗರ ಯೋಜನೆಯ ಬಗ್ಗೆ ಇಡೀ ಒಂದು ಪುಸ್ತಕವನ್ನೇ ಹೊರತಂದ. ರೋಗದ ವಿರುದ್ಧ ಮನೆ ಕಟ್ಟುವುದು ಹೇಗೆಂದು ಕಟ್ಟಿದವನೇ ಬರೆದಿಟ್ಟ ಇಂಥ ಪುಸ್ತಕ ಅಪರೂಪದ್ದು. ಅದು ಇನ್ನಷ್ಟು ಜನರ ಕೈಗೆ ಸಿಗಬೇಕು.

ಬಡಾವಣೆಗೆ ಮಾತ್ರ ಬಂದದ್ದು ಸ್ಟುಅರ್ಟ್ ಫ್ರೇಜರ್ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ಪಾಠ ಹೇಳಿದ, ಮುಂದೆ ರೆಸಿಡೆಂಟ್ ಆದ ದೊಡ್ಡ ಅಧಿಕಾರಿ ಆತ. ಎಂಜಿನಿಯರನಿಗೆ ಸಿಕ್ಕಿದ್ದು ಅದೇ ಬಡಾವಣೆಯೊಳಗಿನ ಒಂದು ರಸ್ತೆ, ಸ್ಟೀಫನ್ಸ್ ರಸ್ತೆ. ಬೆಂಗಳೂರಿನ ಗೌರವದ ಲೆಕ್ಕ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಹುದ್ದೆ ಎತ್ತರವಿದ್ದಷ್ಟೂ ಫಲಕ ದೊಡ್ಡದು. ನಂತರ ಸರ್ಕಾರ ಫ್ರೇಜರ್ ಟೌನನ್ನು ಪುಲಿಕೇಶಿನಗರ ಎಂದು ಬದಲಿಸಿತು. ಚಾಲುಕ್ಯ ದೊರೆಯ ಹೆಸರು ಕಾಗದಪತ್ರಗಳಲ್ಲಿದೆ, ಆಟೋದವರ ಬಾಯಲ್ಲಿ ಇನ್ನೂ ಫ್ರೇಜರ್ ಟೌನೇ.

ಜನರ ನಡುವಿನಿಂದ ಬಂದ ಮುಂದಾಳುಗಳಿಗೆ ಸಂದ ಗೌರವದಲ್ಲಿ ಎದ್ದು ಕಾಣುವುದು ಪುರಭವನ. ನಗರಸಭೆಯ ಅಧ್ಯಕ್ಷರಾಗಿದ್ದ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರ ಹೆಸರನ್ನು ಹೊತ್ತ ಈ ಕಟ್ಟಡ 1935ರಲ್ಲಿ ಪೂರ್ತಿಯಾಯಿತು. ಎತ್ತರದ ಮೆಟ್ಟಿಲು, ದುಂಡುಕಂಬಗಳ ಸಾಲು ಎಲ್ಲರಿಗೂ ಪರಿಚಿತ. ಎಷ್ಟೋ ದಶಕ ಪ್ರತಿಭಟನೆಗಳು ಶುರುವಾದದ್ದು, ಹಕ್ಕಿನ ಕೂಗು ಎದ್ದದ್ದು ಈ ಮೆಟ್ಟಿಲುಗಳ ಮೇಲೆಯೇ. ಊರಿಗಾಗಿ ದುಡಿದವರೊಬ್ಬರ ನೆನಪಿನ ಕಟ್ಟಡ ಊರಿನ ಜನ ಸೇರಿ ಮಾತಾಡುವ ಜಾಗವಾಯಿತು. ಗೌರವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇರಲಾರದು. ಆದರೂ ಜನ ‘ಟೌನ್‌ಹಾಲ್’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ, ಪುಟ್ಟಣ್ಣ ಚೆಟ್ಟರ ಹೆಸರು ಕೈಬಿಟ್ಟು ಹೋಗುತ್ತದೆ.

ಬೀದಿಗೆ ನೆರಳನ್ನೂ ಬಣ್ಣವನ್ನೂ ತಂದವನ ಕಥೆ ಇನ್ನೂ ಮನಸ್ಸಿಗೆ ನಾಟುವಂಥದ್ದು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡದ ಮಹಾರಾಜರಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದ ಗುಸ್ತಾವ್ ಹರ್ಮನ್ ಕೃಂಬಿಗಲ್. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ರಸ್ತೆಯಲ್ಲಿ ಎಲ್ಲೋ ಒಂದು ಕಡೆ ಹೂವಿರಬೇಕು ಎಂಬ ಆಲೋಚನೆಯಿಂದ ಸಾಲುಮರಗಳನ್ನು ಆರಿಸಿದ ಹಿರಿಮೆ ಆತನದು. ಬೃಂದಾವನದ ಉದ್ಯಾನಕ್ಕೂ ಆತನದೇ ವಿನ್ಯಾಸ. 1956ರಲ್ಲಿ ತೀರಿಕೊಂಡ ಆತನನ್ನು ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಲಾಲ್‌ಬಾಗಿನ ಪಕ್ಕದಲ್ಲಿ ಆತನ ಹೆಸರಿನ ರಸ್ತೆಯಿದೆ. ಉದ್ಯಾನದೊಳಗೆ ಆತನ ಹೆಸರಿನ ಹಳೆಯ ಸಭಾಂಗಣವೂ ಇತ್ತು. ದುರಸ್ತಿ ಕಾಣದೆ ಸೊರಗಿ, 2017ರಲ್ಲಿ ಕುಸಿದುಬಿತ್ತು. ಹೆಸರಿಟ್ಟು ಗೌರವಿಸುವುದರ ಜೊತೆಗೆ ಹೆಂಚು ಬದಲಿಸುವುದೂ ಗೌರವದ ಭಾಗವೇ ಎಂದು ಯಾರಾದರೂ ಆಗ ಒತ್ತಾಯಿಸಬೇಕಿತ್ತು.

ಕೃಂಬಿಗಲ್ಲರ ಕೆಲಸಕ್ಕೆ ಬೆನ್ನಿಗೆ ನಿಂತ ದಿವಾನ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಸಂಸ್ಥಾನ ನಡೆಸಿದರು. ರಸ್ತೆಯ ಅಂಚು, ಉದ್ಯಾನದ ಬೇಲಿ, ದೀಪದ ಕಂಬ, ಯಾವುದೂ ಅವರ ಕಣ್ಣಿಗೆ ಸಣ್ಣದಾಗಿ ಕಾಣುತ್ತಿರಲಿಲ್ಲ. 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾಗಿ ಹೋದಾಗಲೂ ಅದೇ ಪ್ರೀತಿಯನ್ನು ಒಯ್ದರು. ಜೈಪುರದ ಹಳೆಯ ಗೋಡೆಯ ಹೊರಗಿನ ಅತಿ ಮುಖ್ಯ ರಸ್ತೆ ಇಂದು ಮಿರ್ಜಾ ಇಸ್ಮಾಯಿಲ್ ರಸ್ತೆ. ಅಲ್ಲಿನವರು ಎಂ.ಐ. ರೋಡ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಈ ಕನ್ನಡ ನಾಡಿನ ಮಗನಿಗೆ ಅಷ್ಟು ದೊಡ್ಡ ರಸ್ತೆಯನ್ನು ರಾಜಸ್ಥಾನ ಕೊಟ್ಟಿತು.

1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ ಬಡಾವಣೆ ರೂಪಿಸುವುದು ಕಚೇರಿಯ ಕೆಲಸವಾಯಿತು. ಹೆಸರುಗಳೂ ಬದಲಾದವು. ಜಯನಗರ ಮೈಸೂರು ಮಹಾರಾಜರ ನೆನಪಿನದು, ಜೆ.ಪಿ. ನಗರ ಜಯಪ್ರಕಾಶ ನಾರಾಯಣರದು. ಎಚ್‌ಎಸ್‌ಆರ್ ಎಂದರೆ ಹೊಸೂರು, ಸರ್ಜಾಪುರ ರಸ್ತೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಹಳ್ಳಿಗಳ ಹೆಸರು ಅಕ್ಷರಗಳಲ್ಲಾದರೂ ಉಳಿದಿರುವುದು ನಿಜಕ್ಕೂ ಸಮಾಧಾನದ ಸಂಗತಿ. ಆದರೆ ಯಾವ ಕೆರೆಯನ್ನು ಬಿಟ್ಟು ಗೆರೆ ಎಳೆಯಬೇಕೆಂದು ಹಟ ಹಿಡಿದವರು, ಉದ್ಯಾನದ ಜಾಗ ಉಳಿಸಿದವರು, ನಕ್ಷೆಯ ಮೇಲೆ ಕೈ ಆಡಿಸಿದವರು ಯಾರೆಂದು ಅಲ್ಲಿ ವಾಸಿಸುವವರಿಗೆ ತಿಳಿಯುವ ದಾರಿಯಿಲ್ಲ. ಹೊಸ ಉದ್ಯಾನಕ್ಕೋ ವೃತ್ತಕ್ಕೋ ಹೆಸರಿಡುವ ಸಭೆ ಸೇರಿದಾಗ, ಆ ಬಡಾವಣೆಯ ಹಳೆಯ ಕಡತವನ್ನು ತರಿಸಿ, ಅದರಲ್ಲಿ ಸಹಿ ಹಾಕಿದ ಎಂಜಿನಿಯರಿನಿಂದ ಸರ್ವೆ ಸರಪಳಿ ಹಿಡಿದವರವರೆಗೆ ಯಾರ ಯಾರ ಹೆಸರಿದೆ ಎಂದು ಮೊದಲು ನೋಡಬೇಕು.